ಅಂಕೋಲೆಯಲ್ಲಿ ಅಮೆರಿಕದ ಸಂವಿಧಾನ

ಈ ಪಾಠ ಮಾಡಿದವರನ್ನು ಪಾಠ ಸುಮ್ಮನೆ ಬಿಡುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಶಿರವಾಡದ ಮೇಷ್ಟ್ರು. ಅಂಕೋಲೆಯ ಕಾಲೇಜಿನಲ್ಲಿ ನನಗಿಂತ ಮುಂಚೆ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. "ಸರ್ಕಾರಕ್ಕೆ ಮೂಗುದಾರ ಬೇಕು, ಪರದೇಶದ ಜಗಳಕ್ಕೆ ಹೋಗಬಾರದು ಅಂತ ಅಮೆರಿಕ ಕಟ್ಟಿದವರು ಹೇಳಿದ್ದನ್ನ ಕಲಿಸ್ತೀರಲ್ಲ, ಮಕ್ಕಳು ಪರೀಕ್ಷೆ ಮುಗಿದದ್ದೇ ಮರೀತಾರೆ. ನಿಮಗೆ ಮಾತ್ರ ದಿನಾ ಪರೀಕ್ಷೆ" ಅಂದಿದ್ದರು. ಆಗ ನಕ್ಕಿದ್ದೆ. ಈಗ ನಲವತ್ತು ದಾಟಿದೆ. ಕಾರವಾರದ ಹಬ್ಬುವಾಡದಿಂದ ಅಂಕೋಲೆಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತೇನೆ. ನಗುವುದಿದ್ದರೂ ಎಲ್ಲಾದರೂ ಕೂತು ನಗೋಣ ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬೇಕು. ಮಕ್ಕಳೆಲ್ಲ ಕಾಮರ್ಸಿನ ಕಡೆ ಓಡುತ್ತಿದ್ದರು. ಪ್ರಾಂಶುಪಾಲರು ಕರೆದು, "ಮೇಡಂ, ಈ ವರ್ಷ ಹೇಗೋ ನಡೀಲಿ. ಬರೋ ಜೂನಿಗೆ ಹತ್ತು ಮಂದಿ ಸೇರದಿದ್ರೆ ನಿಮ್ಮ ವಿಷಯ ಮುಚ್ಚೂದೇ" ಅಂದರು. ನನ್ನ ತರಗತಿಯಲ್ಲಿದ್ದವರು ಒಂಬತ್ತು. ನಾನು ಅರೆಕಾಲಿಕ ಉಪನ್ಯಾಸಕಿ. ವಿಷಯ ಮುಚ್ಚಿದರೆ ನನ್ನನ್ನು ತೆಗೆಯಲು ಬೇರೆ ಆದೇಶವೇ ಬೇಕಾಗಿರಲಿಲ್ಲ.

ಬುಧವಂತನ ಅಭಿಪ್ರಾಯ

ಅಧಿಕಾರ ಒಬ್ಬನ ಕೈಯಲ್ಲಿ ಸೇರಿದರೆ ಅವನು ರಾಜನಾಗುತ್ತಾನೆ, ಅದಕ್ಕೇ ಅಮೆರಿಕದ ಹಿರಿಯರು ಅದನ್ನು ಮೂರು ಪಾಲು ಮಾಡಿ ಒಂದು ಇನ್ನೊಂದನ್ನು ತಡೆಯುವ ಹಾಗೆ ಇಟ್ಟರು ಎಂದು ಒಂದು ವಾರ ಪಾಠ ಮಾಡಿ ಕಿರುಪರೀಕ್ಷೆ ಕೊಟ್ಟೆ. ಹಟ್ಟಿಕೇರಿಯ ಹಾಲಕ್ಕಿ ಒಕ್ಕಲಿಗರ ಹುಡುಗಿಯೊಬ್ಬಳು ಬರೆದಿದ್ದಳು: "ಅಮೆರಿಕ ಸರ್ಕಾರದ ಅಂಗಗಳು ಮೂರು. ಗೌಡ, ಬುಧವಂತ, ಕೋಲಕಾರ."

ಕರೆದು ಕೇಳಿದೆ, "ಅಮೆರಿಕಕ್ಕೆ ಗೌಡ ಯಾವಾಗ ಹೋದನೇ?"

"ಅಲ್ಲಿ ಬೇರೆ ಹೆಸರಿರ್ತದೆ ಮೇಡಂ, ನಂಗೆ ನೆನಪಾಗ್ಲಿಲ್ಲ. ನಮ್ಮ ಹಾಲಕ್ಕಿಯವ್ರ ಪಂಚಾಯ್ತಿಲಿ ಗೌಡ ದೊಡ್ಡವನೇ, ಆದ್ರೆ ಸಲಹೆ ಹೇಳೂ ಬುಧವಂತನ್ನ ಕೇಳದೆ ತೀರ್ಮಾನ ಹೇಳೂ ಹಾಂಗಿಲ್ಲ. ಕೋಲಕಾರ ಮನೆಮನೆಗೆ ಹೋಗಿ ಕರೀದಿದ್ರೆ ಯಾರೂ ಸಭೆಗೆ ಬರೂದಿಲ್ಲ. ನೀವು ಹೇಳಿದ್ದೂ ಅದೇ ಅಲ್ಲ?"

ಅದೇ. ನನ್ನ ನೋಟ್ಸಿಗಿಂತ ಚೆನ್ನಾಗಿಯೇ ಇತ್ತು. ಆದರೂ ಹೆಸರು ತಪ್ಪಿದ್ದಕ್ಕೆ ಹತ್ತಕ್ಕೆ ಐದು ಕೊಟ್ಟೆ. ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ನಮ್ಮೂರ ಬುಧವಂತ ನನ್ನ ಸೋದರಮಾವ. ಪೇಪರ್ ಅವಂಗೆ ತೋರಿಸ್ದೆ. ಐದು ಮಾರ್ಕು ಕಡ್ದದ್ದು ಸರಿಯೋ ತಪ್ಪೋ ಆಮೇಲೆ ನೋಡ್ವ, ಆದ್ರೆ ಯಾರನ್ನೂ ಕೇಳದೆ ಒಬ್ರೇ ಕೂತು ಹೆಂಗೆ ಕಡ್ದರು ಅಂತ ಕೇಳಿದ."

ಚಹಾ

ವಿದೇಶ ನೀತಿಯ ಪಾಠದ ದಿನ ಇನ್ನೊಬ್ಬ ಹುಡುಗಿ ಕೇಳಿದಳು, "ಎಲ್ಲರ ಜೊತೆ ವ್ಯಾಪಾರ ಮಾಡಿ, ಯಾರ ಜಗಳಕ್ಕೂ ಹೋಗಬೇಡಿ ಅಂತ ಅವರ ಹಿರಿಯರೇ ಹೇಳಿದ್ರೆ, ಈಗ ಇರಾಕಿನಲ್ಲಿ ಎಂತ ಮಾಡ್ತಾ ಇದ್ದಾರೆ ಮೇಡಂ?"

"ಅದು ಸಿಲೆಬಸ್‌ನಲ್ಲಿಲ್ಲ" ಅಂದೆ. ದಣಿದವರಿಗೆ ಸಿಲೆಬಸ್ಸಿನಷ್ಟು ಆಸರೆ ಬೇರೆ ಯಾವುದೂ ಇಲ್ಲ.

ಮನೆಗೆ ಬಂದರೆ ಅಲ್ಲಿ ನನ್ನದೇ ವಿದೇಶ ನೀತಿ ಕಾದಿತ್ತು. ಎಡಮನೆಯವರಿಗೂ ಬಲಮನೆಯವರಿಗೂ ಗಟಾರದ ನೀರಿನ ವಿಷಯಕ್ಕೆ ಜಗಳ. ನಡುವೆ ನಮ್ಮ ಮನೆ. ನಾನು ತಟಸ್ಥಳು ಎಂದು ಇಬ್ಬರಿಗೂ ಹೇಳಿದೆ. ಮರುದಿನದಿಂದ ಇಬ್ಬರೂ ನನ್ನ ಜೊತೆ ಮಾತು ಬಿಟ್ಟರು.

ಬೆಳಿಗ್ಗೆ ಮೀನು ಮಾರಲು ಬರುವ ಹೆಂಗಸಿಗೆ, ನಮ್ಮ ಕಡೆಯ ಮಾತಿನಲ್ಲಿ ಮೀನಿನ ಬಾಯಿಗೆ, ಇದನ್ನು ಹೇಳಿಕೊಂಡೆ. ಅವಳು ಬುಟ್ಟಿ ಇಳಿಸಿ ಬಂಗಡೆ ಆರಿಸುತ್ತ ಅಂದಳು, "ನಾನು ಎರಡೂ ಮನೆಗೆ ಮೀನು ಕೊಡ್ತೆ ಅಕ್ಕೋರೆ. ಎರಡೂ ಮನೇಲಿ ಚಾ ಕುಡೂದಿಲ್ಲ. ಇವತ್ತು ಚಾ ಕುಡದ್ರೆ ನಾಳೆ ಗಟಾರ ಯಾರದ್ದು ಅಂತ ನಂಗೂ ಗೊತ್ತಿರ್ಬೇಕಾಗ್ತದೆ."

ನಲವತ್ತು ನಿಮಿಷದ ಪಾಠ ಅವಳು ಒಂದು ಬಂಗಡೆ ಎತ್ತಿ ಇಡುವಷ್ಟರಲ್ಲಿ ಮುಗಿಸಿದ್ದಳು. ನಾನು ಎಡಮನೆಯಲ್ಲಿ ಚಹಾ ಕುಡಿಯಲು ಶುರುಮಾಡಿ ಹನ್ನೆರಡು ವರ್ಷವಾಗಿತ್ತು.

ಎರಡರಲ್ಲಿ ಒಂದು

ಜೂನ್ ಹತ್ತಿರ ಬಂತು. ಹೊಸದಾಗಿ ಸೇರುತ್ತೇವೆ ಅಂದವರೂ ಒಂಬತ್ತೇ. ಅದೇ ಮೀನಿನ ಬಾಯಿಯ ಮಗಳು ಪಿಯುಸಿ ಪಾಸಾಗಿದ್ದಳು. ನಾಚಿಕೆ ಬಿಟ್ಟು ಕೇಳಿದೆ, "ಮಗಳನ್ನ ನನ್ನ ವಿಷಯಕ್ಕೆ ಕಳಿಸು."

"ಅದ್ರಲ್ಲಿ ಎಂತ ಕಲಿಸ್ತ್ರಿ?"

"ಸರ್ಕಾರಕ್ಕೆ ಜನ ಎಷ್ಟು ಅಧಿಕಾರ ಬರೆದುಕೊಟ್ಟಿದ್ದಾರೋ ಅಷ್ಟೇ ಇರಬೇಕು, ಉಳಿದದ್ದರಲ್ಲಿ ಅದು ಕೈ ಹಾಕಬಾರದು ಅಂತ."

"ಒಳ್ಳೇದೇ. ಕಲಿತ್ಮೇಲೆ?"

"ಪರೀಕ್ಷೆ ಬರೆದರೆ ಸರ್ಕಾರಿ ನೌಕರಿ ಸಿಗ್ತದೆ."

ಅವಳು ಮೀನು ಕೊಯ್ಯುತ್ತಿದ್ದ ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದಳು. "ಸರ್ಕಾರ ಸಣ್ಣದಿರ್ಬೇಕು ಅಂತ ಕಲಿಸ್ತ್ರಿ, ಕಲ್ತವ್ರನ್ನೆಲ್ಲ ಅದರೊಳಗೇ ತುಂಬ್ತ್ರಿ. ಎರಡರಲ್ಲಿ ಒಂದು ಹೇಳಿ ಅಕ್ಕೋರೆ."

ಮಗಳು ಕಾಮರ್ಸಿಗೆ ಸೇರಿದಳು.

ಮುಚ್ಚುವ ಅಧಿಕಾರ

ಹತ್ತು ಆಗಲಿಲ್ಲ. ಪ್ರಾಂಶುಪಾಲರು ವಿಷಯ ಮುಚ್ಚಲು ಆಡಳಿತ ಮಂಡಳಿಗೆ ಬರೆದರು. ಅದು ವಿಶ್ವವಿದ್ಯಾಲಯದ ಹಕ್ಕು ಅಂದಿತು ಮಂಡಳಿ. ಸಮಿತಿ ಬಂದು ನೋಡಬೇಕು ಅಂದಿತು ವಿಶ್ವವಿದ್ಯಾಲಯ. ಸಮಿತಿ ಬಂತು, ಮೀನೂಟ ಮಾಡಿತು, "ಮೊದಲು ಮಂಡಳಿಯ ಒಪ್ಪಿಗೆ ಪಡೆಯತಕ್ಕದ್ದು" ಎಂದು ಬರೆದು ಹೋಯಿತು. ಮಂಡಳಿ ಮತ್ತೆ ಪ್ರಾಂಶುಪಾಲರ ಶಿಫಾರಸು ಕೇಳಿತು. ಅಷ್ಟರಲ್ಲಿ ಮಾರ್ಚ್ ಬಂದಿತ್ತು, ನನ್ನ ಸಿಲೆಬಸ್ ಮುಗಿದಿತ್ತು.

ಪ್ರಾಂಶುಪಾಲರು ಕರೆಸಿದರು. ಮೇಜಿನ ಮೇಲೆ ದಪ್ಪ ಫೈಲು. ನಾನು ಬ್ಯಾಗನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತೆ.

"ಮೇಡಂ, ನೀವು ರಾಜ್ಯಶಾಸ್ತ್ರದವರು. ಖರೇ ಹೇಳಿ, ಇದನ್ನು ಮುಚ್ಚೋ ಅಧಿಕಾರ ಯಾರದ್ದು?"

"ಒಬ್ಬರದ್ದೂ ಅಲ್ಲ ಸರ್. ಒಬ್ಬರು ಮುಚ್ಚಲಿಕ್ಕೆ ಹೋದರೆ ಇನ್ನಿಬ್ಬರು ತಡೀತಾರೆ. ಅಮೆರಿಕದಲ್ಲಿ ಬೇಕಂತಲೇ ಹೀಗೆ ಮಾಡಿಟ್ಟಿದ್ದಾರೆ."

"ಹಾಗಾದ್ರೆ ಅಲ್ಲಿ ಕೆಲಸ ಹೇಗೆ ಆಗ್ತದೆ?"

"ಸುಲಭದಲ್ಲಿ ಆಗಬಾರದು ಅಂತಲೇ ಸರ್."

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ನನಗಿಂತ ದಣಿದಿದ್ದರು ಪಾಪ. "ನಂಗೆ ಇದರಲ್ಲಿ ತಲೆ ಓಡೂದಿಲ್ಲ. ನಿಮಗೆ ಎಲ್ಲ ತಿಳೀತದೆ. ವಿಶ್ವವಿದ್ಯಾಲಯಕ್ಕೆ ಏನು ಬರೀಬೇಕೋ ನೀವೇ ಬರೆದುಕೊಡಿ, ಸಹಿ ಹಾಕ್ತೇನೆ."

ಹೀಗೆ ನನ್ನ ವಿಷಯವನ್ನು ಮುಚ್ಚುವ ಪತ್ರವನ್ನು ನಾನೇ ಬರೆದೆ. ಪ್ರಾಮಾಣಿಕವಾಗಿಯೇ ಬರೆದೆ. ಪ್ರಾಂಶುಪಾಲರು, ಮಂಡಳಿ, ವಿಶ್ವವಿದ್ಯಾಲಯ ಈ ಮೂವರ ಒಪ್ಪಿಗೆ ಬೇಕು ಎಂದಿದ್ದ ಕಡೆ, ಪ್ರಜೆಗಳ ಸಮ್ಮತಿಯಿಲ್ಲದೆ ಅಧಿಕಾರವಿಲ್ಲ ಎಂಬ ತತ್ತ್ವ ನೆನಪಾಗಿ, "ಮತ್ತು ವಿದ್ಯಾರ್ಥಿಗಳ ಲಿಖಿತ ಒಪ್ಪಿಗೆ" ಎಂದು ನಾಲ್ಕನೆಯದೊಂದು ಸೇರಿಸಿದೆ. ಅವರು ಓದದೆ ಸಹಿ ಹಾಕಿದರು.

ಪತ್ರ ಹೋಗಿ ಮೂರು ವರ್ಷವಾಯಿತು. ನಾಲ್ಕೂ ಕಡೆಯವರು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ, ನಾನು ಪಾಠ ಮಾಡುತ್ತಿದ್ದೇನೆ. ಅಂಕೋಲೆಯಲ್ಲಿ ರಾಜ್ಯಶಾಸ್ತ್ರ ಇನ್ನೂ ಇದೆ ಎಂದು ಇದನ್ನು ಓದಿದ ನೀವು ನಾಲ್ಕು ಮಂದಿಗೆ ಹೇಳಿ, ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯಿದ್ದರೆ ಅಲ್ಲಿ ಮೊದಲು ಹೇಳಿ. ವಿಶ್ವವಿದ್ಯಾಲಯದಲ್ಲಿ ಯಾರಾದರೂ ಪರಿಚಯವಿದ್ದರೆ ಅವರಿಗೊಬ್ಬರಿಗೆ ಬೇಡ.