ಹಡಗಿಗೆ ಒಡೆದ ತೊಂಡೆಕಾಯಿ

ನವರಾತ್ರಿಯ ಒಂಬತ್ತನೆಯ ದಿನ, ಸೋಮವಾರ, ಬೆಳಗಿನ ಆರೂವರೆ. ಬ್ಯಾರನ್ನು ಎನ್ನುವ ಒಲೆಮನೆಗಳಲ್ಲಿ ಹೊಗೆಸೊಪ್ಪು ಬೆಂದ ವಾಸನೆ ಪಿರಿಯಾಪಟ್ಟಣದ ಮೇಲೆ ಇನ್ನೂ ಮಲಗಿಕೊಂಡೇ ಇತ್ತು. ಮನೆಮನೆಯ ಮುಂದೆ ಸ್ಕೂಟರುಗಳಿಗೆ ಸ್ನಾನ ನಡೆದಿತ್ತು. ಆ ಹೊತ್ತಿನಲ್ಲಿ ಕಾಂತರಾಜನಿಗೆ ಒಂದು ಬಿಳಿ ಕೂದಲು ಬೇಕಾಯಿತು.

ಕಾಂತರಾಜ ಹಲ್ಲಿನ ಸೆಟ್ಟು ಕಟ್ಟುವವನು. ಹಲ್ಲು ಡಾಕ್ಟರು ಬಾಯಿಯ ಅಚ್ಚು ಕಳಿಸಿದರೆ ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಲ್ಲು ಮಾಡಿಕೊಡಬೇಕು. ಆದರೆ ಒಂದೂವರೆ ವರ್ಷದಿಂದ ಊರಿನ ಬೊಚ್ಚುಬಾಯಿಗಳೆಲ್ಲ ಬೊಚ್ಚಾಗಿಯೇ ಉಳಿದಿದ್ದವು. ಕಾಂತರಾಜ ಯುದ್ಧದ ಹಡಗು ಕಟ್ಟುತ್ತಿದ್ದ.

ಮೊಳದುದ್ದದ ಹಡಗು. ಹಲ್ಲು ಕೊರೆಯುವ ಸೂಜಿಯಲ್ಲಿ ಅದಕ್ಕೆ ಕಿಟಕಿ ಕೊರೆದಿದ್ದ. ಅಂಚಿನ ಕಟಕಟೆಗೆ ಗುಂಡುಸೂಜಿಗಿಂತ ಸಣ್ಣ ಕಂಬಗಳು, ಮುನ್ನೂರ ಹನ್ನೆರಡು. ಸುತ್ತ ಹಲ್ಲಿನ ಪ್ಲಾಸ್ಟರಿನಲ್ಲಿ ಎರೆದ ಕಡಲು, ಕಡಲಂಚಿಗೆ ಒಂದು ಬಂಡೆಗುಡ್ಡ. ಕಾಂತರಾಜ ಕಡಲನ್ನು ಕಣ್ಣಾರೆ ಕಂಡವನಲ್ಲ. ಅವನು ಕಂಡ ದೊಡ್ಡ ನೀರೆಂದರೆ ಕಬಿನಿ ಅಣೆಕಟ್ಟೆ. ಹಾಗಾಗಿ ಅವನ ಕಡಲಿಗೂ ಸ್ವಲ್ಪ ಕಟ್ಟೆಯ ನೀರಿನ ಬಣ್ಣವೇ ಬಂದಿತ್ತು.

ಒಂದು ವಿಷಯ ಮಾತ್ರ ಹೆಂಡತಿ ಹೇಮಶ್ರೀಗೆ ಬಿಟ್ಟರೆ ಯಾರಿಗೂ ತಿಳಿಯದು. ಹಡಗು ಒಂದು ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಅಂಚೆಯಲ್ಲಿ ಬಂದದ್ದು. ಆ ಡಬ್ಬಿ ಈಗ ಅಟ್ಟದ ಮೇಲೆ ಹಳೇ ಕಂಬಳಿಯ ಕೆಳಗಿತ್ತು. ಬೀದಿಯವರಿಗೆಲ್ಲ ಅವನು, "ಒಂದೊಂದು ಚೂರೂ ನಾನೇ ಕುಯ್ದು ಮಾಡಿದ್ದು" ಎಂದಿದ್ದ. ಮೈಸೂರಿನ ಬೋಪಯ್ಯನವರಿಗೆ ಫೋನಿನಲ್ಲೂ ಅದನ್ನೇ ಹೇಳಿದ್ದ.

ಬೋಪಯ್ಯ ಇಪ್ಪತ್ತೆಂಟು ವರ್ಷ ನೌಕಾಪಡೆಯಲ್ಲಿದ್ದು ಬಂದವರು. ಮೈಸೂರಿನ ತಮ್ಮ ಮನೆಯ ಕೆಳಅಂತಸ್ತಿನಲ್ಲಿ ಪುಟ್ಟ ಹಡಗುಗಳ ಪ್ರದರ್ಶನ ಮಾಡಿದ್ದರು. ಗುರುವಾರ ಅದು ಜನಕ್ಕೆ ತೆರೆಯುವುದಿತ್ತು. ಒಂದು ಗಾಜಿನ ಪೆಟ್ಟಿಗೆ ಇನ್ನೂ ಖಾಲಿ. ಅದರ ಕೆಳಗೆ ಹಿತ್ತಾಳೆ ಫಲಕ, ಫಲಕದಲ್ಲಿ ಮಾಡಿದವನ ಹೆಸರು. ಮಡಿಕೇರಿಗೆ ಹಬ್ಬಕ್ಕೆ ಹೋಗುವ ದಾರಿಯಲ್ಲಿ ಇವತ್ತೇ ಸಂಜೆ ನಾಲ್ಕಕ್ಕೆ ಬಂದು ನೋಡುತ್ತೇನೆಂದಿದ್ದರು. ಆ ಫಲಕ ಕಾಂತರಾಜನ ಕನಸಿನಲ್ಲಿ ದಿನಾ ಬರುತ್ತಿತ್ತು, ಹುಣಿಸೇಹಣ್ಣು ಹಾಕಿ ತಿಕ್ಕಿದ ಹಾಗೆ ಫಳಫಳ.

ಕೂದಲು ಬೇಕಾದದ್ದು ಹಡಗಿನ ಒಂದು ಕಂಬದಿಂದ ಇನ್ನೊಂದಕ್ಕೆ ವೈರು ಎಳೆಯಲು. ನೂಲು ದಪ್ಪ, ಹೇಮಶ್ರೀಯ ಕೂದಲು ಕಪ್ಪು. ಪಕ್ಕದ ಮನೆಯ ಶಿವನಂಜಮ್ಮನದು ಸೊಂಟದುದ್ದ, ತಂತಿಯಂಥ ಬಿಳುಪು. ಆಕೆ ಜಗಲಿಯಲ್ಲಿ ಕೂತು ಈಳಿಗೆಮಣೆಗೆ ವಿಭೂತಿ ಹಚ್ಚುತ್ತಿದ್ದಳು.

"ಅಕ್ಕ, ಒಂದ್ ಕೂದ್ಲು ಕೊಡಿ."

"ಹಬ್ಬದ್ ದಿನ ಬೆಳ್‌ಬೆಳಿಗ್ಗೇನೆ ತಲೆಗೆ ಕೈ ಹಾಕ್ತೀಯಲ್ಲಪ್ಪ. ಯಾರಿಗೆ ಮಾಟ ಮಾಡ್ಸಕ್ಕೆ?"

"ಹಡಗಿನ ವೈರಿಗೆ ಕಣಕ್ಕ. ಯುದ್ಧದ ಹಡಗು."

ಶಿವನಂಜಮ್ಮ ಈಳಿಗೆ ಕೆಳಗಿಟ್ಟಳು. "ಅಂದ್ರೆ ಅದು ಗಾಡೀನೂ ಆಯ್ತು, ಆಯುಧಾನೂ ಆಯ್ತು. ಪೂಜೆ ಎಷ್ಟೊತ್ಗೆ?"

"ಪ್ರದರ್ಶನಕ್ಕೆ ಇಡೋದಕ್ಕ ಅದು. ಪೂಜೆಗೀಜೆ ಏನಿಲ್ಲ."

"ಕಾಯಿ ತುರಿಯೋ ಈಳಿಗೇಗೆ ಮಾಡ್ತೀವಿ, ನಿನ್ ಹಡ್ಗು ಅದಕ್ಕಿಂತ ಹೆಚ್ಚಾ? ನನ್ ಕೂದ್ಲು ಹೋಗೋ ಹಡ್ಗಿಗೆ ಪೂಜೆ ಇಲ್ಲ ಅಂದ್ರೆ ಕೂದ್ಲೂ ಇಲ್ಲ, ಹೋಗು."

"ಆಯ್ತು ಬುಡಿ, ಮಾಡಿದ್ರಾಯ್ತು" ಎಂದ ಕಾಂತರಾಜ, ಬಾಯಿಮಾತಿಗೆ. ಆಕೆ ಒಂದೆಳೆ ಕಿತ್ತು ಕೊಟ್ಟಳು. ಕಾಂತರಾಜ ಆ ಮಾತನ್ನು ಕೋಣೆಯ ಹೊಸಿಲು ದಾಟುವಷ್ಟರಲ್ಲಿ ಮರೆತ. ಶಿವನಂಜಮ್ಮ ಮರೆಯುವವರ ಪೈಕಿಯಲ್ಲ.

ಹತ್ತು ಗಂಟೆಗೆ ವೈರು ಎಳೆದು ಮುಗಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕಮಾದು ನಿಂತಿದ್ದ. ಬ್ಯಾರನ್ನಿನ ಒಲೆಗೆ ನಲವತ್ತು ವರ್ಷ ಸೌದೆ ತಳ್ಳಿದ ಮುದುಕ, ಬಾಯಲ್ಲಿ ಒಂದೂ ಹಲ್ಲಿಲ್ಲ.

"ಡಾಕುಟ್ರೇ, ನನ್ ಹಲ್ಲು."

"ಮುಂದಿನ್ ವಾರ ಚಿಕ್ಕಮಾದಣ್ಣ."

"ಯುಗಾದಿಗೂ ಇದೇ ಮುಂದಿನ್ ವಾರ ಅಂದ್ರಿ. ಒಬ್ಬಟ್ಟ ಹಾಲಲ್ಲಿ ಕಲಸ್ಕಂಡು ಕುಡ್ದೆ. ಇವತ್ತು ಕಡ್ಲೇಪುರಿ. ಅದನ್ನೇನ್ ಮಾಡ್ಲಿ, ಕೊಳವೆ ಹಾಕಿ ಎಳೀಲಾ?"

ಹೀಗೆ ಹೇಳುತ್ತ ಮುದುಕ ಹಡಗಿನ ಹತ್ತಿರ ಬಗ್ಗಿದ. ಕಡಲಂಚಿನ ಬಂಡೆಗುಡ್ಡವನ್ನು ನೋಡಿದ. ನಾಲಿಗೆಯನ್ನು ತನ್ನ ಕೆಳವಸಡಿನ ಮೇಲೆ ಆ ಕೊನೆಯಿಂದ ಈ ಕೊನೆಗೆ ಆಡಿಸಿದ. ಮತ್ತೆ ಗುಡ್ಡ ನೋಡಿದ.

"ಇದು ನನ್ ದವಡೆ ಕಣ್ರೀ."

ಹೌದು. ಒಳ್ಳೆಯ ಬಂಡೆ ಎಲ್ಲೂ ಸಿಗದೆ ಕಾಂತರಾಜ ಚಿಕ್ಕಮಾದುವಿನ ದವಡೆಯ ಅಚ್ಚನ್ನೇ ಬೋರಲು ಹಾಕಿ ಕಂದುಬಣ್ಣ ಬಳಿದಿದ್ದ.

"ಎಲ್ಲಾ ದವಡೇನೂ ಒಂದೇ ತರ ಇರ್ತವೆ ಬುಡು."

"ಎಡಗಡೆ ಈ ಹಳ್ಳ ನೋಡಿ. ಎತ್ತು ಒದ್ದಿದ್ದು. ಎತ್ತಿನ ಹೆಸ್ರು ಬೇಕಾ?" ಎಂದು ಚಿಕ್ಕಮಾದು ತೋರಿಸಲು ಕೈ ಚಾಚಿದ. ಹೆಗಲ ಟವಲು ಜಾರಿತು. ಟಕ್ ಅಂತ ಹಡಗಿನ ನಡುಗಂಬ ಮುರಿದು ವಾಲಿತು.

ಅಂಟಿನ ಟ್ಯೂಬು ಹಿಂಡಿದರೆ ಒಣಗಿ ಕೊರಡಾಗಿತ್ತು. ಕಾಂತರಾಜ ಚಪ್ಪಲಿಗೂ ಕಾಯದೆ ಹಾರ್ಡ್‌ವೇರ್ ಅಂಗಡಿಗೆ ಓಡಿದ. ಅಂಗಡಿಯವನು ಅರ್ಧ ಶೆಟರು ಎಳೆದು ಅದರ ಕೆಳಗಿಂದ ಮುಖ ಹಾಕಿದ.

"ಪೂಜೆ ಆಯ್ತು ಕಾಂತಣ್ಣ. ತಕ್ಕಡಿಗೆ ಕುಂಕುಮ ಇಟ್ಟಾಯ್ತು. ನಾಳೆ ಪೂಜೆ ಕದಲ್ಸೋವರ್ಗೂ ಮುಟ್ಟಂಗಿಲ್ಲ."

"ಅಂಟನ್ನ ಯಾರಾದ್ರೂ ತಕ್ಕಡೀಲಿ ತೂಗ್ತಾರೇನ್ರೀ?"

"ಗಲ್ಲಾಪೆಟ್ಟಿಗೆಗೂ ಇಟ್ಟಿದ್ದೀವಿ. ಪುರಿ ತಗಳಿ."

ಇನ್ನೂ ಮೂರು ಅಂಗಡಿ ಅಲೆದ. ಮೂರು ಪೊಟ್ಟಣ ಪುರಿ ಸಿಕ್ಕಿತು, ಅಂಟು ಸಿಗಲಿಲ್ಲ. ಹುಣಸೂರಿನಲ್ಲಿ ಒಂದು ಅಂಗಡಿ ತೆರೆದಿದೆ ಎಂದು ಯಾರೋ ಅಂದರು. ಹನ್ನೆರಡರ ಬಸ್ಸು ಹತ್ತಿದರೆ ಅದಕ್ಕೆ ಬಾಳೆಕಂದು ಕಟ್ಟುವುದು ಮುಗಿದಿರಲಿಲ್ಲ. ಬೂದುಗುಂಬಳ ಒಡೆಯಬೇಕಾದ ಕಂಡಕ್ಟರು ಊಟಕ್ಕೆ ಹೋಗಿದ್ದ. ಬಸ್ಸು ಹೊರಟಾಗ ಒಂದು ಗಂಟೆ. ಬಾಳೆಕಂದು ಮುಂದಿನ ಗಾಜಿಗೆ ಅಡ್ಡ ಬರುತ್ತಿದ್ದುದರಿಂದ ಡ್ರೈವರು ಬಸ್ಸನ್ನು ಬಸುರಿ ಹೆಂಗಸಿನ ಹಾಗೆ ನಡೆಸಿದ. ಕಾಂತರಾಜ ಅಂಟು ಹಿಡಿದು ಪಿರಿಯಾಪಟ್ಟಣದಲ್ಲಿ ಇಳಿದಾಗ ನಾಲ್ಕಕ್ಕೆ ಹತ್ತೇ ನಿಮಿಷ ಇತ್ತು.

ಮನೆಯ ಮುಂದೆ ಹತ್ತು ಜೊತೆ ಚಪ್ಪಲಿ. ಒಳಗೆ ಗಂಟೆಯ ಸದ್ದು.

ಕೋಣೆಯಲ್ಲಿ ಬೀದಿಯ ಹೆಂಗಸರೆಲ್ಲ ನೆರೆದಿದ್ದರು, ಮೂಲೆಯಲ್ಲಿ ಚಿಕ್ಕಮಾದು ಇನ್ನೂ ಕೂತೇ ಇದ್ದ. ಹಡಗಿನ ಮೂತಿಗೆ ಮೂರೆಳೆ ವಿಭೂತಿ. ಒಂದೊಂದು ಫಿರಂಗಿಯ ತುದಿಗೂ ಸಾಸಿವೆಯಷ್ಟು ಕುಂಕುಮ. ಚೆಂಡುಹೂವಿನ ಹಾರ ಹಡಗನ್ನೇ ಮುಚ್ಚುತ್ತದೆಂದು ಶಿವನಂಜಮ್ಮ ತುಂಬೆಹೂವು ಪೋಣಿಸಿದ್ದಳು. ಬಾಳೆಕಂದಿನ ಬದಲು ಎರಡು ಈರುಳ್ಳಿ ಗಿಡ. ನಿಂಬೆಹಣ್ಣಿನ ಬದಲು ಬಟಾಣಿಯಷ್ಟರ ಸುಂಡೆಕಾಯಿ. ಬೂದುಗುಂಬಳದ ಬದಲು ಒಂದು ತೊಂಡೆಕಾಯಿ ಸೀಳಿ ಕುಂಕುಮ ತುಂಬಿ ಕಡಲಿನ ಮೇಲೆ ಒಡೆದಿದ್ದಳು. ಮುರಿದ ನಡುಗಂಬ ಅರಿಶಿನದ ದಾರದಲ್ಲಿ ಕಟ್ಟಿಸಿಕೊಂಡು ನೆಟ್ಟಗೆ ನಿಂತಿತ್ತು. ಹೊಗೆಕೊಳವೆಯಲ್ಲಿ ಊದುಬತ್ತಿ ಉರಿಯುತ್ತಿತ್ತು.

"ಏನಕ್ಕ ಇದು" ಎಂದ ಕಾಂತರಾಜ.

"ನೀನೇ ಮಾಡಿದ್ರಾಯ್ತು ಅಂದಲ್ಲಪ್ಪ. ನೀನು ಬರ್ಲಿಲ್ಲ, ನಾನೇ ಮಾಡ್ದೆ. ಹಡ್ಗು ಚಿಕ್ದು, ಅದಕ್ಕಾಗೋ ದೃಷ್ಟೀನೂ ಚಿಕ್ದೇ ಅಲ್ವಾ? ತೊಂಡೇಕಾಯಿ ಸಾಕು."

ಕಾಂತರಾಜ ಕುಂಕುಮ ತೆಗೆಯಲು ಚಿಮಟ ಹುಡುಕಿದ. ಚಿಮಟ, ಸೂಜಿ, ಅರ, ಎಲ್ಲಕ್ಕೂ ಕುಂಕುಮ ಇಟ್ಟು ಸಾಲಾಗಿ ಮಣೆಯ ಮೇಲೆ ಮಲಗಿಸಿದ್ದರು. ಹೇಮಶ್ರೀ ಅಡ್ಡ ನಿಂತಳು. "ಮುಟ್ಬೇಡಿ. ನಾಳೆ ಕದಲ್ಸೋದು."

ಹೊರಗೆ ಕಾರಿನ ಹಾರನ್ನು ಕೇಳಿಸಿತು.

ಬೋಪಯ್ಯ ಒಳಗೆ ಬಂದವರು ಹಡಗಿನ ಮುಂದೆ ನಿಂತುಬಿಟ್ಟರು. ಕಾಂತರಾಜ ಅವರ ಹುಬ್ಬು ಏರಿದ್ದನ್ನು ಕಂಡ. ಮೊದಲು ತಾನು ಪಾರಾಗಬೇಕು ಎಂದು ಕೈಮುಗಿದ.

"ಸಾರ್, ಇದ್ರಲ್ಲಿ ನನ್ನ ಕೈ ಏನೂ ಇಲ್ಲ. ದೇವ್ರಾಣೆ ಇಲ್ಲ. ಎಲ್ಲಾ ಈ ಶಿವನಂಜಕ್ಕನ ಕೆಲ್ಸ."

"ಎಲ್ಲಾನೂ?"

"ಎಲ್ಲಾನೂ ಸಾರ್. ಬೇಕಾದ್ರೆ ಬರ್ಕೊಡ್ತೀನಿ."

ಬೋಪಯ್ಯ ಜೇಬಿನಿಂದ ಭೂತಗನ್ನಡಿ ತೆಗೆದರು. "ಈ ವೈರು ಬಹಳ ಚೆನ್ನಾಗಿದೆ. ಯಾವುದರಲ್ಲಿ ಮಾಡಿದ್ದು?"

"ನನ್ ತಲೇದು ಸಾಮಿ" ಎಂದಳು ಶಿವನಂಜಮ್ಮ.

"ಈ ಬಂಡೆ?"

"ನನ್ ಬಾಯಿದು" ಎಂದ ಮೂಲೆಯಿಂದ ಚಿಕ್ಕಮಾದು. "ಎಡಗಡೆ ಹಳ್ಳ ಎತ್ತಿಂದು."

ಬೋಪಯ್ಯ ಭೂತಗನ್ನಡಿಯನ್ನು ಜೇಬಿಗೆ ಹಾಕಿದರು. ಆಮೇಲೆ ಊದುಬತ್ತಿಯ ಹೊಗೆ ನೋಡುತ್ತ ಹೇಳಿದರು. "ನಮ್ಮ ಹಡಗಿನ ಎಂಜಿನ್ ರೂಮಲ್ಲಿ ಹುಡುಗರು ಆಯುಧಪೂಜೆ ದಿನ ಹೀಗೇ ಮಾಡ್ತಿದ್ರು. ಕಡಲ ಮಧ್ಯೆ ಹೂವು ಎಲ್ಲಿ ಸಿಗಬೇಕು, ಕಾಗದದಲ್ಲಿ ಕತ್ತರಿಸ್ತಿದ್ರು. ನನ್ನ ಹತ್ರ ಇಷ್ಟೊಂದು ಹಡಗಿದೆ, ಎಲ್ಲಾ ಅಂಗಡಿಯಿಂದ ತಂದಿಟ್ಟ ಹಾಗಿದೆ. ಮನುಷ್ಯರು ಹತ್ತಿದ ಹಡಗು ಇದೊಂದೇ. ಅಮ್ಮ, ತೊಂಡೆಕಾಯಿ ಯಾರಿಗೆ ಹೊಳೀತದೆ? ಅಳತೆ ಅಂದ್ರೆ ಇದು."

ಕಾಂತರಾಜ ಮುಂದಕ್ಕೆ ನುಗ್ಗಿದ. "ಸಾರ್, ಆ ಕಟಕಟೆ ನಂದು. ಮುನ್ನೂರ ಹನ್ನೆರಡು ಕಂಬ."

"ಅದೊಂದು ತಪ್ಪು ನೋಡಿ. ಫಿರಂಗಿ ಹೊಡೆಯೋಕೆ ನಿಂತಾಗ ಕಟಕಟೆ ಮಡಚಿ ಮಲಗಿಸ್ತೀವಿ. ನಿಂತಿರಬಾರದು."

"ಹಡಗೇ ನಂದು ಸಾರ್. ಒಂದೊಂದು ಚೂರೂ ನಾನೇ ಕುಯ್ದು..."

ಅಷ್ಟರಲ್ಲಿ ಶಿವನಂಜಮ್ಮ ಪ್ರಸಾದ ತಂದಳು. ಇಷ್ಟು ಜನಕ್ಕೆ ಪುರಿ ಕಲಸಲು ದೊಡ್ಡ ಪಾತ್ರೆ ಸಾಲದೆ ಅಟ್ಟ ಹತ್ತಿ, ಕಂಬಳಿ ಸರಿಸಿ, ಒಂದು ಒಳ್ಳೆ ಅಗಲದ ಡಬ್ಬಿ ಇಳಿಸಿಕೊಂಡಿದ್ದಳು. ಡಬ್ಬಿಯ ಮೇಲೆ ಅದೇ ಹಡಗಿನ ಚಿತ್ರ, ಅದೇ ಫಿರಂಗಿ, ಅದೇ ಕಟಕಟೆ. ಬೋಪಯ್ಯ ಒಂದು ಹಿಡಿ ಪುರಿ ತೆಗೆದುಕೊಂಡು ಚಿತ್ರ ನೋಡಿದರು, ಹಡಗು ನೋಡಿದರು, ಕಾಂತರಾಜನನ್ನು ನೋಡಲಿಲ್ಲ.

"ಅಂಟಿಸಿದ್ದು ನಾನು ಸಾರ್" ಎಂದ ಕಾಂತರಾಜ, ಕೊನೆಯ ಪ್ರಯತ್ನವಾಗಿ.

"ನಡುಗಂಬ ದಾರದಲ್ಲಿ ನಿಂತಿದೆಯಲ್ಲ" ಎಂದು ಅವರು ಪೆನ್ನು ತೆಗೆದರು. ಫಲಕಕ್ಕೆ ಎರಡು ಹೆಸರು ಬರೆದುಕೊಂಡರು, ಶಿವನಂಜಮ್ಮ ಮತ್ತು ಚಿಕ್ಕಮಾದು. "ಅಮ್ಮ, ಹೂವು ಬಾಡ್ತದೆ. ಗುರುವಾರ ನೀವೇ ಬಂದು ಹೊಸದಾಗಿ ಏರಿಸಬೇಕು. ಈ ದವಡೆಯ ಯಜಮಾನರೂ ಬರ್ಲಿ, ಬಂಡೆ ಪಕ್ಕ ಒಂದು ಫೋಟೋ."

"ಫೋಟೋಕ್ಕೆ ಬೊಚ್ಚುಬಾಯಲ್ಲಿ ನಿಂತ್ಕಳಕ್ಕಾಯ್ತದಾ?" ಎಂದು ಚಿಕ್ಕಮಾದು ಕಾಂತರಾಜನ ಕಡೆ ತಿರುಗಿದ. ಹತ್ತು ಜನ ಹೆಂಗಸರೂ ತಿರುಗಿದರು.

ಮಂಗಳವಾರ ಆಯುಧ ಕದಲಿಸಿದ ಮೇಲೆ ಕಾಂತರಾಜ ಮುಟ್ಟಿದ ಮೊದಲ ಕೆಲಸ ಆ ಹಲ್ಲು. ಹಳೆಯ ಅಚ್ಚು ಕಡಲಂಚಿನಲ್ಲಿ ಗುಡ್ಡವಾಗಿ ಕೂತಿತ್ತು. ಹೊಸದಾಗಿ ಅಳತೆ ತೆಗೆಯಬೇಕಾಯಿತು. ಒಂದೂವರೆ ವರ್ಷ ಆಗದ ಸೆಟ್ಟು ಎರಡೇ ದಿನದಲ್ಲಿ ಆಯಿತು.

ಬೋಪಯ್ಯನವರು ಕಾರು ಕಳಿಸಿದರು. ಮುಂದೆ ಹೊಸ ಸೀರೆಯಲ್ಲಿ ಶಿವನಂಜಮ್ಮ, ಮಡಿಲಲ್ಲಿ ತುಂಬೆಹೂವು, ಸುಂಡೆಕಾಯಿ, ತೊಂಡೆಕಾಯಿ. ಹಿಂದೆ ಚಿಕ್ಕಮಾದು, ನಡುವಿನ ಸೀಟಿನ ಮೇಲೆ ಹಡಗು, ಅದು ಅಲುಗದಂತೆ ಆ ಕಡೆಯಿಂದ ಹಿಡಿದುಕೊಳ್ಳಲು ಹೇಮಶ್ರೀ. ಕಾಂತರಾಜ ಬಾಗಿಲಲ್ಲಿ ನಿಂತು ಇಣುಕಿದ. ಜಾಗ ಇರಲಿಲ್ಲ.

"ಅನ್ನ ಮಾಡಿಟ್ಟಿದ್ದೀನಿ, ಸಾರು ಬಿಸಿ ಮಾಡ್ಕಳಿ" ಎಂದಳು ಹೇಮಶ್ರೀ.

ಚಿಕ್ಕಮಾದು ಹಬ್ಬದಿಂದ ಎತ್ತಿಟ್ಟುಕೊಂಡಿದ್ದ ಪುರಿಯನ್ನು ಬಾಯಿಗೆ ಹಾಕಿ ಕಟಕಟ ಅಗಿದ. ಆಮೇಲೆ ಕಿಟಕಿಯಿಂದ ಮುಖ ಹೊರಗೆ ಹಾಕಿ ಹಲ್ಲೆಲ್ಲ ಕಾಣುವಂತೆ ನಕ್ಕ. ಇಪ್ಪತ್ತೆಂಟು ಹಲ್ಲು, ಒಂದೊಂದನ್ನೂ ಕಾಂತರಾಜನೇ ಅರೆದು, ಹೊಳಪು ಕೊಟ್ಟು ಕೂಡಿಸಿದ್ದು. ಅದರ ಮೇಲೆ ಹೆಸರು ಬರೆಯುವ ಪದ್ಧತಿ ಇಲ್ಲ. ಗುರುವಾರ ಬೆಳಿಗ್ಗೆ ಏಳೂವರೆಗೆ ಹಡಗು, ಶಿವನಂಜಮ್ಮ, ಹೇಮಶ್ರೀ, ಚಿಕ್ಕಮಾದು ಮತ್ತು ಆ ಹಲ್ಲು ಮೈಸೂರಿಗೆ ಹೊರಟುಹೋದರು.