ಗೋಡೆಯಾಚೆಯ ಗಿರಣಿ

ಮಹನೀಯರ ಜೀವನ ಮತ್ತು ಸಾಧನೆಯ ಬಗ್ಗೆ ಭಾಷಣ ಮಾಡುವುದರಲ್ಲಿ ನನಗೆ ಬೆಳಗಾವಿಯಲ್ಲಿ ಸ್ವಲ್ಪ ಹೆಸರಿದೆ. ಅದಕ್ಕೆ ಕಾರಣ ವಿದ್ವತ್ತಲ್ಲ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನಾದ್ದರಿಂದ, ಸತ್ತವರೆಲ್ಲ ನನ್ನ ವಿಷಯದ ವ್ಯಾಪ್ತಿಗೇ ಬರುತ್ತಾರೆಂದು ಜನ ನಂಬಿದ್ದಾರೆ. ಮೇಲಾಗಿ ಸ್ಕೂಟರಿನಲ್ಲಿ ನಾನೇ ಬಂದು ನಾನೇ ಹೋಗುತ್ತೇನೆ. ಒಂದು ಶಾಲು ಹೊದಿಸಿದರೆ ಸಾಕು. ಭಾಷಣದ ಅಚ್ಚೂ ತಯಾರಿದೆ: ಬಡತನದಲ್ಲಿ ಜನನ, ಬಾಲ್ಯದಲ್ಲೇ ಪ್ರತಿಭೆ, ನಡುವೆ ಸಂಕಷ್ಟ, ಕೊನೆಗೆ ಕೀರ್ತಿ. ಮುಕ್ತಾಯದ ವಾಕ್ಯವಂತೂ ಎಲ್ಲ ಮಹನೀಯರಿಗೂ ಒಂದೇ. "ಅವರು ಬಿಟ್ಟುಹೋದ ಕೆಲಸವನ್ನು ನಾವು ಮುಂದುವರಿಸಿಕೊಂಡು ಹೋಗುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ." ಇದಕ್ಕೆ ಚಪ್ಪಾಳೆ ಬೀಳುತ್ತದೆ. ಆಮೇಲೆ ನಾನೂ ಸಭಿಕರೂ ಏನನ್ನೂ ಮುಂದುವರಿಸದೆ ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತೇವೆ.

ಇಷ್ಟೆಲ್ಲ ಸಾಧಕರಲ್ಲಿ ನಾನು ಹತ್ತಿರದಿಂದ ಬಲ್ಲವನು ಒಬ್ಬನೇ. ಅವನ ಬಗ್ಗೆ ಮಾತಾಡಲು ಮಾತ್ರ ಯಾರೂ ನನ್ನನ್ನು ಕರೆದಿಲ್ಲ. ಹೆಸರು ಮಾರುತಿ, ಊರು ಖಾನಾಪುರ, ವಯಸ್ಸು ಮೂವತ್ತರ ಆಸುಪಾಸು, ಉದ್ಯೋಗ ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ ಪ್ರೊಡ್ಯೂಸರ್. ಗಾಬರಿಯಾಗಬೇಡಿ, ಅವನು ಬದುಕಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ಅನಗೋಳದ ನಮ್ಮ ಮನೆಯ ಹಿಂದಿನ ಖೋಲಿಯನ್ನು ಕೇಳಿಕೊಂಡು ಬಂದಾಗ ಅವನು ಈ ಉದ್ಯೋಗವನ್ನು ಹೇಳಿದ. ಪ್ರೊಡ್ಯೂಸರ್ ಅಂದಮೇಲೆ ಬಾಡಿಗೆಗೆ ತೊಂದರೆಯಿಲ್ಲ ಎಂದುಕೊಂಡು ನಾನು ಮುಂದಿನ ಶಬ್ದಗಳ ಕಡೆ ಲಕ್ಷ್ಯ ಕೊಡಲಿಲ್ಲ. ನಮ್ಮ ಪಡಸಾಲೆಗೂ ಆ ಖೋಲಿಗೂ ನಡುವೆ ಇರುವುದು ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆ. ಆ ಗೋಡೆಗೆ ಒರಗಿಸಿ ಅವನು ಗೋದ್ರೆಜ್ ಕಪಾಟಿನಷ್ಟು ದೊಡ್ಡದೊಂದು ಸ್ಪೀಕರ್ ಡಬ್ಬಿ ನಿಲ್ಲಿಸಿದ. ಸಂಜೆ ಏಳಕ್ಕೆ ಸರಿಯಾಗಿ ಅದು ಶುರುವಾಯಿತು.

ನಮ್ಮೂರಿನಲ್ಲಿ ಹಾಡು ಅಂದಕೂಡಲೆ ಯಾರಾದರೂ ಕೇಳುವ ಮೊದಲ ಪ್ರಶ್ನೆ, ಕನ್ನಡವೋ ಮರಾಠಿಯೋ ಎಂಬುದು. ನಾನೂ ಕೇಳಿದೆ. ಮಾರುತಿ ಮನೆಯಲ್ಲಿ ಮರಾಠಿ ಆಡಿ ಸಾಲಿಯಲ್ಲಿ ಕನ್ನಡ ಓದಿದವನು. ತನ್ನ ಸಂಗೀತದಲ್ಲಿ ಮಾತೇ ಇಲ್ಲ, ಬರೀ ಬೀಟಿನ ಏಟು, ಗೋವಾದಲ್ಲಿ ಜನ ಅದಕ್ಕೆ ಕುಣಿಯುತ್ತಾರೆ ಎಂದ. ಬೆಳಗಾವಿಯಲ್ಲಿ ಕೂತು ಯಾವ ಭಾಷೆಯಲ್ಲೂ ಇಲ್ಲದ ಹಾಡು ಕಟ್ಟುವುದು ದೂರದೃಷ್ಟಿಯ ಕೆಲಸವೆಂದು ನಾನು ಮನಸ್ಸಿನಲ್ಲೇ ಮೆಚ್ಚಿದೆ. ಎರಡೂ ಭಾಷೆಯವರು ಒಂದಾಗಿ ವಿರೋಧಿಸುವಂಥ ಸಂಗೀತ ಅದು ಎಂಬುದು ವಾರದೊಳಗೆ ತಿಳಿಯಿತು. ಎದುರುಮನೆಯ ದೇಸಾಯರು ರಿಟೈರ್ಡ್ ಪೋಸ್ಟ್ ಮಾಸ್ಟರ್, ಓಣಿಯ ಹಿರಿಯರು. ಅವರು ಗೇಟಿನ ಹೊರಗೇ ನಿಂತು, ತಮ್ಮ ಕಪಾಟಿನೊಳಗಿನ ಕಪ್ಪು-ಬಸಿಗಳು ಸಂಜೆಯಾದರೆ ಭಜನೆಗೆ ಕೂಡುತ್ತಿವೆಯೆಂದು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು. ಸದ್ದನ್ನಾದರೂ ಕಳಿಸಿ, ಇಲ್ಲವೇ ಹುಡುಗನನ್ನಾದರೂ ಕಳಿಸಿ ಎಂಬುದು ಓಣಿಯ ತೀರ್ಮಾನವಾಗಿತ್ತು.

ಮನೆಯಲ್ಲಿ ಈ ಸದ್ದಿನಿಂದ ತೊಂದರೆಯಾಗದ ಜೀವ ನಮ್ಮ ಅವ್ವ ಮಾತ್ರ ಎಂದು ನಾನು ತಿಳಿದಿದ್ದೆ. ಅವಳಿಗೆ ಕಿವಿ ಹೋಗಿ ಎಷ್ಟೋ ವರ್ಷವಾಯಿತು. ನೆಹರು ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಕಿವಿಗೆ ಯಂತ್ರ ಕೊಡಿಸಿದ್ದೆ. ಅದನ್ನು ಹಾಕಿಕೊಂಡರೆ ಮನುಷ್ಯರ ಮಾತು ಬಿಟ್ಟು ಅಡಿಗೆಮನೆಯ ಭಾಂಡೆಗಳ ಮಾತಷ್ಟೇ ಕೇಳುತ್ತದೆಂದು ಅವಳು ಅದನ್ನು ವಿಭೂತಿಯ ಡಬ್ಬಿಯಲ್ಲಿ ಇಟ್ಟಳು. ಈಗ ನಮ್ಮ ವ್ಯವಹಾರವೆಲ್ಲ ಪಾಟಿಯ ಮೇಲೆ ಬಳಪದಿಂದ ನಡೆಯುತ್ತದೆ. ಅವಸರದಲ್ಲಿ ಪಾಟಿ ಸಿಗದಿದ್ದರೆ ಕೂಗುತ್ತೇನೆ. ಹೀಗೆ ನಾನು ಅವ್ವನಿಗೆ ಹೇಳಿದ ಗುಟ್ಟುಗಳೆಲ್ಲ ಓಣಿಗೆ ಗೊತ್ತು, ಅವ್ವನಿಗೆ ಮಾತ್ರ ಗೊತ್ತಿಲ್ಲ. ಸಂಜೆ ಲಿಂಗಪೂಜೆ ಮುಗಿಸಿ ಅವಳು ಪಡಸಾಲೆಯ ಆ ಗೋಡೆಗೇ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂಡುತ್ತಿದ್ದಳು. ಬೆನ್ನುನೋವಿಗೆ ಗೋಡೆಯ ತಂಪು ಹಿತವಾಗಿರಬೇಕೆಂದು ನಾನು ಭಾವಿಸಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದವರು ಕಾರಣಗಳನ್ನು ಬೇಗ ಕಂಡುಹಿಡಿಯುತ್ತಾರೆ.

ಗೋಡೆಗೆ ಮೊಟ್ಟೆಯ ಖಾಲಿ ಟ್ರೇ ಹೊಡೆದರೆ ಸದ್ದು ಹೊರಗೆ ಬರುವುದಿಲ್ಲ ಎಂದು ಮಾರುತಿಯೇ ಹೇಳಿದ. ಟ್ರೇಗಳ ಒಂದು ಕಂತೆಯನ್ನು ತಂದೂ ಬಿಟ್ಟ. ಅವು ಗೇಟು ದಾಟುವುದಕ್ಕೆ ಮೊದಲೇ ಅವ್ವ ಅಡ್ಡ ನಿಂತಳು. ಬಸವಣ್ಣನವರ ಫೋಟೊ ಇರುವ ಮನೆಗೆ, ಲಿಂಗಪೂಜೆಯಾಗುವ ಗೋಡೆಗೆ ತತ್ತಿಯ ಟ್ರೇ ಹೊಡೆಯುತ್ತೀಯಾ ಎಂದು ಕೇಳಿದಳು. ಟ್ರೇ ಖಾಲಿ ಇದೆ ಎಂದು ಪಾಟಿಯ ಮೇಲೆ ಬರೆದೆ. ಅವಳು ಓದಿ, ಅಳಿಸಿ, ಪಾಟಿಯನ್ನು ನನ್ನ ಕೈಗೇ ಕೊಟ್ಟಳು. ಧರ್ಮಶ್ರದ್ಧೆಯ ವಿಷಯದಲ್ಲಿ ನಾನು ವಾದಿಸುವವನಲ್ಲ. ಅಷ್ಟೊಂದು ಭಾಷಣ ಮಾಡಿದ ನನಗಿಂತ ಅವಳ ನಿಷ್ಠೆ ದೊಡ್ಡದೆಂದು ಹೆಮ್ಮೆಯೂ ಆಯಿತು.

ಮುಂದಿನ ರವಿವಾರ ಬೇರೆ ಉಪಾಯ ಕೇಳಲು ನಾನೇ ಖಾನಾಪುರಕ್ಕೆ ಹೋದೆ. ಅಲ್ಲಿ ಮಾರುತಿಯ ಸೋದರಮಾವ ಮಂಟಪ ಮತ್ತು ಸೌಂಡಿನ ಬಾಡಿಗೆ ವ್ಯಾಪಾರ ಮಾಡುತ್ತಾರೆ. ಭತ್ತದ ಹೊಟ್ಟನ್ನು ಚೀಲದಲ್ಲಿ ತುಂಬಿ ಗೋಡೆಗೆ ಒಟ್ಟಿದರೆ ಆದೀತೆಂದು ತಿಳಿಸಿದವರೂ ಅವರೇ. ಸಾಧಕನ ಬಾಲ್ಯದ ವಿವರ ನನಗೆ ದೊರೆತದ್ದು ಅವರಿಂದ. ಮದುವೆ ಮನೆಗಳಿಗೆ ಮಾವನ ಡಬ್ಬಿಗಳನ್ನು ಹೊತ್ತುಕೊಂಡು ಹೋಗುತ್ತಿದ್ದ ಹುಡುಗ, ಹಾಡು ಮುಗಿದರೂ ಡಬ್ಬಿಗೆ ಎದೆ ಒತ್ತಿಕೊಂಡೇ ನಿಲ್ಲುತ್ತಿದ್ದನಂತೆ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲವಂತೆ. ಮಾವ ಚಹಾ ಕೊಟ್ಟು, ದನಿ ತಗ್ಗಿಸಿ ಕೇಳಿದರು: "ಖರೇ ಹೇಳ್ರಿ ಸರ, ಅಂವಾ ಮಾಡೂದನ್ನ ಯಾರರ ಕುಂತು ಕೇಳ್ತಾರೇನ್ರಿ? ಗೋವಾದಾಗ ಕುಣಿಯೋ ಮಂದಿ ಬಿಡ್ರಿ, ಅವರು ಕೇಳೂದಿಲ್ಲ." ಮನೆಯ ಮಾಲಿಕನಾದ ನಾನು ಕೇಳದಿರಲು ಏನೇನು ಮಾಡುತ್ತಿದ್ದೇನೆ ಎಂಬುದಕ್ಕೆ ಹೊಟ್ಟಿನ ಚೀಲಗಳೇ ಸಾಕ್ಷಿಯಾಗಿದ್ದವು. ನಾನು ಚಹಾದ ರುಚಿಯನ್ನು ಹೊಗಳಿದೆ.

ಹೊಟ್ಟಿನ ಚೀಲಗಳು ಟೆಂಪೊದಲ್ಲಿ ಬಂದವು. ಇಲಿಗಳನ್ನು ಕರೆದು ಸಂಸಾರ ಹೂಡಿಸುತ್ತೀಯಾ ಎಂದಳು ಅವ್ವ. ಅವನ್ನು ಓಣಿಯ ಕೊನೆಯ ಎಮ್ಮೆ ಮನೆಗೆ ಕೊಟ್ಟೆವು. ಹಳೆಯ ಕೌದಿಗಳನ್ನು ಗೋಡೆಗೆ ತೂಗುಹಾಕೋಣವೆಂದು ಅಟ್ಟದಿಂದ ಇಳಿಸಿದೆ. ತನ್ನ ಅತ್ತೆ ಕೈಯಾರೆ ಹೊಲಿದ ಕೌದಿಗೆ ಮೊಳೆ ಹೊಡೆಯುವ ಮಗನನ್ನು ಹೆತ್ತೆನಲ್ಲ ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೊದಲನೆಯದು ಧರ್ಮ, ಎರಡನೆಯದು ಆರೋಗ್ಯ, ಮೂರನೆಯದು ಹಿರಿಯರ ನೆನಪು. ಮೂರೂ ಕಾರಣಗಳು ಎಷ್ಟು ಸಮಂಜಸವಾಗಿದ್ದವೆಂದರೆ ನನಗೆ ಎಲ್ಲಿಯೂ ಅನುಮಾನ ಬರಲಿಲ್ಲ.

ಕೊನೆಗೆ ನಂದಗಡದಲ್ಲಿ ತನ್ನ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಅವ್ವ ಎರಡು ದಿನ ಹೋದಾಗ ನಾನು ಕೆಲಸ ಮುಗಿಸಿಬಿಟ್ಟೆ. ಹತ್ತಿ ಗಾದಿಗಳನ್ನು ಕೊಂಡು ಗೋಡೆಗೆ ಬಡಿಸಿ, ದೊಡ್ಡ ಡಬ್ಬಿಯನ್ನು ಗೋಡೆಯಿಂದ ಬಿಡಿಸಿ, ಆಚೆ ಮೂಲೆಯಲ್ಲಿ ಗಾದಿಯ ಮೇಲೆ ಇಡಿಸಿದೆ. ಆ ಸಂಜೆ ಓಣಿ ಶಾಂತವಾಗಿತ್ತು. ದೇಸಾಯರು ಗೇಟಿನ ಒಳಗೆ ಬಂದು ಕುಂದಾ ಕೊಟ್ಟು ಹೋದರು.

ಅವ್ವ ಮರುದಿನ ಬಂದಳು. ಪೂಜೆ ಮುಗಿಸಿ ಎಂದಿನಂತೆ ಗೋಡೆಗೆ ಒರಗಿದಳು. ಸ್ವಲ್ಪ ಹೊತ್ತಿಗೆ ಒಂದು ಮಾರು ಸರಿದು ಕೂತಳು. ಮತ್ತೆ ಸರಿದಳು. ಆಮೇಲೆ ಎದ್ದು ನಿಂತು, ಎರಡೂ ಅಂಗೈಗಳನ್ನು ಗೋಡೆಗೆ ಊರಿ, ತಿರುಗಿ ನನ್ನನ್ನು ಕೇಳಿದಳು: "ಯಾಕೋ, ಗಿರಣಿ ಬಂದ್ ಐತೇನು ಇವತ್ತ?"

ನಮ್ಮ ಓಣಿಯಲ್ಲಿ ಗಿರಣಿಯಿಲ್ಲ. ಅವ್ವನ ಬುದ್ಧಿಗೆ ಮುಪ್ಪು ಬಂತೆಂದುಕೊಂಡು ನೆಹರು ನಗರದ ಡಾಕ್ಟರ ನಂಬರು ಹುಡುಕುತ್ತ ನಿಂತೆ. ಅಡಿಗೆಮನೆಯಿಂದ ಬಂದ ನನ್ನ ಹೆಂಡತಿ ಸುಮಂಗಲಾ ಅವ್ವನ ಪಕ್ಕ ನಿಂತು ತಾನೂ ಗೋಡೆಗೆ ಕೈ ಹಚ್ಚಿ ನೋಡಿದಳು. "ಫೋನ್ ಕೆಳಗ ಇಡ್ರಿ. ಅತ್ತಿಯವರಿಗೆ ಏನೂ ಆಗಿಲ್ಲ. ಆ ಹುಡುಗ ಬಾರಿಸೂದು ಈ ಗೋಡಿಗೆ ಬರ್ತಿತ್ತು. ಅದನ್ನ ಕೇಳಾಕ ಅವರು ಇಲ್ಲಿ ಕುಂದರತಿದ್ರು," ಎಂದಳು.

ಪಾಟಿಯ ಮೇಲೆ ಕೇಳಿದಾಗ ಅವ್ವ ಒಪ್ಪಿಕೊಂಡಳು. ನಂದಗಡದ ಅವಳ ತವರುಮನೆಯ ಬಾಜುವಿಗೆ ಭತ್ತದ ಗಿರಣಿಯಿತ್ತಂತೆ. ಗಿರಣಿ ನಡೆದರೆ ಮನೆಯ ಗೋಡೆ, ನೆಲ, ಮಲಗಿದ ಹೊರಸು ಎಲ್ಲ ಮಿಡಿಯುತ್ತಿದ್ದವಂತೆ. ಅದು ನಿಂತ ದಿನ ಮನೆಯವರಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಹಾಗಾದರೆ ತತ್ತಿಯ ಟ್ರೇ ಬೇಡವೆಂದದ್ದು ಯಾಕೆ ಎಂದು ಬರೆದೆ. ಅವ್ವ ಓದಿ ನನ್ನ ಮುಖ ನೋಡಿದಳು. "ಮತ್ತೇನು ಹೇಳಬೇಕಿತ್ತೊ? ಈ ವಯಸ್ಸಿನ್ಯಾಗ ನನಗ ಡಿಜೆ ಬೇಕು ಅಂತ ಹೇಳಬೇಕಿತ್ತೇನು?" ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನು ತತ್ತಿ ಹಾಕಿದ್ದಾರೋ ಇಲ್ಲವೋ ಎಂದು ಕೇಳದೆ ಎರಡು ಸಲ ಹಾಕಿಸಿಕೊಂಡು ತಿಂದವಳು ಇವಳೇ ಎಂಬುದು ಆಗ ನನಗೆ ನೆನಪಾಯಿತು.

ಆಮೇಲೆ ಅವಳು, ಯಾರ ಮೇಲೂ ಸಿಟ್ಟಿಲ್ಲದೆ, ಕಾಯಿಪಲ್ಲೆಯ ಮಾತು ಆಡುವ ದನಿಯಲ್ಲೇ ಹೇಳಿದಳು: "ನೀವೆಲ್ಲಾ ಮಾತಾಡೂದು ನನಗ ಬರೇ ಬಾಯಿ ಅಳ್ಳಾಡಿದಂಗ ಕಾಣ್ತೈತಿ. ಅದೊಂದ ನನಗ ಕೇಳ್ತಿತ್ತು." ನನಗೆ ಬಹಳ ಕೆಟ್ಟದೆನಿಸಿತು. ಊರಿಗೆಲ್ಲ ಭಾಷಣ ಮಾಡುವವನು ನಾನು. ಸ್ವಂತ ಅವ್ವನಿಗೆ ಕೇಳಿಸಿದ್ದು ಬಾಡಿಗೆಯವನ ಡಬ್ಬಿ.

ಮರುದಿನವೇ ನಾನೂ ಮಾರುತಿಯೂ ಸೇರಿ ಗಾದಿಗಳನ್ನು ಆ ಗೋಡೆಯಿಂದ ಕಿತ್ತು, ಓಣಿಯ ಕಡೆಯ ಬಾಗಿಲು ಕಿಟಕಿಗಳಿಗೆ ಬಡಿದು, ಡಬ್ಬಿಯನ್ನು ಮೊದಲಿನ ಜಾಗಕ್ಕೆ ತಂದು ಒರಗಿಸಿದೆವು. ದೇಸಾಯರ ಕಾಲು ಹಿಡಿಯುವುದೊಂದು ಬಾಕಿ. ಕಾರಣ ತಿಳಿಸಿ, ಏಳರಿಂದ ಎಂಟರವರೆಗೆ ಉಳಿದಷ್ಟು ಸದ್ದಿಗೆ ಒಪ್ಪಿಸಿದೆ. ತನ್ನ ಸಂಗೀತವನ್ನು ಕೂತು ಕೇಳುವವರೊಬ್ಬರು ಗೋಡೆಯಾಚೆಗೇ ಇದ್ದಾರೆಂದು ತಿಳಿದ ಮಾರುತಿ ಸಂಜೆ ಬಂದು ಆಯೀ ಎಂದು ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಅಂದಿನಿಂದ ಹೊಸದೇನಾದರೂ ಕಟ್ಟಿದರೆ ಮೊದಲು ಅವಳಿಗೆ. ಅವ್ವ ಬೆನ್ನು ಕೊಟ್ಟು ಕೂತು, ಒಪ್ಪಿಗೆಯಾದರೆ ತಲೆಯಾಡಿಸುವಳು. ಇಲ್ಲವಾದರೆ, ಇದು ಬ್ಯಾಡ, ನಿನ್ನೀದು ಛಲೋ ಇತ್ತು ಎನ್ನುವಳು. ಅವನು ಮರುಮಾತಿಲ್ಲದೆ ಹೋಗಿ ಬದಲಿಸುತ್ತಿದ್ದ. ಆ ವರ್ಷ ಗೋವಾದ ಸಮುದ್ರದಂಡೆಯಲ್ಲಿ ಕುಣಿದವರಿಗೆ ಇದು ಗೊತ್ತಿರಲಿಕ್ಕಿಲ್ಲ: ಅವರು ಕುಣಿದ ಏಟುಗಳನ್ನೆಲ್ಲ ಪಾಸು ಮಾಡಿದ್ದು ಅನಗೋಳದ, ಹಣೆತುಂಬ ವಿಭೂತಿ ಹಚ್ಚಿದ, ಕಿವಿ ಕೇಳದ ಒಬ್ಬ ಮುದುಕಿ.

ಸಾಧಕರ ಜೀವನದಲ್ಲಿ ಕೀರ್ತಿಯ ಘಟ್ಟ ಬಂದೇ ಬರುತ್ತದೆ. ಮಾರುತಿಗೆ ಗೋವಾದಲ್ಲಿ ಕಾಯಮ್ ಕೆಲಸ ಸಿಕ್ಕಿತು. ಖೋಲಿ ಬಿಡುವಾಗ ಅವನು ದೊಡ್ಡ ಡಬ್ಬಿಯನ್ನೂ ಒಂದು ಪೆನ್ ಡ್ರೈವನ್ನೂ ನನಗೆ ಒಪ್ಪಿಸಿ, ಯಾವ ಗುಂಡಿ ಒತ್ತಬೇಕು, ಯಾವುದನ್ನು ಎಷ್ಟು ತಿರುವಬೇಕೆಂದು ತೋರಿಸಿಕೊಟ್ಟ. "ಆಯೀಗ ಗಿರಣಿ ಬಂದ್ ಆಗಬಾರದ್ರಿ ಸರ," ಎಂದಷ್ಟೇ ಹೇಳಿದ. ಆ ಖೋಲಿಯನ್ನು ನಾನು ಮತ್ತೆ ಬಾಡಿಗೆಗೆ ಕೊಡಲಿಲ್ಲ.

ಈಗ ಸಂಜೆಯಾದರೆ ನಾನು ಎಲ್ಲಿದ್ದರೂ ಏಳಕ್ಕೆ ಖೋಲಿಯಲ್ಲಿರಬೇಕು. ಹೀಗಾಗಿ ಭಾಷಣಗಳು ತಪ್ಪಿದವು. ಮಹನೀಯರನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಮೊದಲ ದಿನ ಗುಂಡಿಯನ್ನು ತಪ್ಪು ದಿಕ್ಕಿಗೆ ತಿರುವಿದ್ದರಿಂದ ದೇಸಾಯರ ಕಪ್ಪು-ಬಸಿಯಲ್ಲಿ ಎರಡು ಒಡೆದವು. ಅವ್ವನೂ, ಗಿರಣಿ ನಡೆಸಲು ಬರದವನ ಕೈಗೆ ಕೊಟ್ಟು ಹೋಗಿದ್ದಾನೆಂದು ಸುಮಂಗಲೆಯ ಮುಂದೆ ದೂರಿದಳು. ಈಗ ಕೈ ಕುದುರಿದೆ. ಒಂದೊಂದು ದಿನ ಕಾಲೇಜಿನಿಂದ ದಣಿದು ಬಂದು ತಡವಾದರೆ, ಅವಳು ಆಚೆಯಿಂದ ಗೋಡೆ ತಟ್ಟುತ್ತಾಳೆ. ನಾನು ಗುಂಡಿ ಒತ್ತುತ್ತೇನೆ. ಏಟು ಶುರುವಾದ ಮೇಲೆ ಈಚೆಯಿಂದ ಗೋಡೆಗೆ ಕೈ ಹಚ್ಚಿ ನಿಲ್ಲುತ್ತೇನೆ, ಆಚೆ ಅವಳ ಬೆನ್ನು ಇರುವ ಜಾಗಕ್ಕೆ. ಯಾಕೆಂದು ಕೇಳಿದರೆ, ತತ್ತಿಯ ಟ್ರೇಗೆ ಅವ್ವ ಹೇಳಿದಂಥ ಒಂದು ಕಾರಣವನ್ನು ನಾನೂ ಹೇಳಬಲ್ಲೆ.

ಮೊನ್ನೆ ದೇಸಾಯರ ಮನೆಗೆ ಪುಣೆಯ ಬೀಗರು ಬಂದಿದ್ದರು. ಗೇಟಿನಲ್ಲಿ ನಿಂತಿದ್ದ ನನ್ನನ್ನು ತೋರಿಸಿ ದೇಸಾಯರು ಪರಿಚಯ ಮಾಡಿಕೊಟ್ಟರು: "ಇವರು ನಮ್ಮ ಓಣಿ ಡಿಜೆ. ಹಗಲಿನ್ಯಾಗ ಕಾಲೇಜಿನ್ಯಾಗ ಏನೋ ಹೇಳ್ತಾರ." ಬೀಗರು ಕೈ ಮುಗಿದರು. ತಿದ್ದೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಏಳು ಗಂಟೆಯಾಯಿತು, ಒಳಗೆ ಓಡಿದೆ.