ಓಡುವ ಅಕ್ಷರಕ್ಕೆ ಬಂದ ಗಿರಾಕಿಗಳು

ಬೆಟಗೇರಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು ನಗುವಿಗಾಗಿ ಹೊರಗೆ ಹೋಗಬೇಕಿಲ್ಲ, ಗಿರಾಕಿಗಳೇ ತಂದುಕೊಡುತ್ತಾರೆ. ಮುಂಡರಗಿಯ ಕಬಡ್ಡಿ ತಂಡಕ್ಕೆಂದು ನಾನೊಂದು ಬಗೆಯ ಅಕ್ಷರ ರೂಪಿಸಿದ್ದೆ: ಮೈ ದಪ್ಪ, ನಿಲುವು ಬಲಕ್ಕೆ ವಾಲಿದ್ದು, ತಲೆಕಟ್ಟು ಗಾಳಿಗೆ ಹಾರಿದಂತೆ. ಓಡುವವರಿಗಾಗಿ ಮಾಡಿದ್ದು. ಅಂದಿನಿಂದ ಜಿಲ್ಲೆಯಲ್ಲಿ ಕೂತವರಿಗೂ ಮಲಗಿದವರಿಗೂ ಅದೇ ಬೇಕು.

ಟ್ರ್ಯಾಕ್ಟರ್

ಹೊಂಬಳದ ಸಾಹುಕಾರರು ಟ್ರೇಲರಿನ ಎರಡೂ ಬದಿಗೆ ಅದೇ ಅಕ್ಷರದಲ್ಲಿ ಮನೆತನದ ಹೆಸರು ಅಂಟಿಸಿಕೊಂಡು ಹೋದರು. ಮರುದಿನ ತಕರಾರು ಹೊತ್ತು ಬಂದರು. ಬಲಬದಿಯ ಅಕ್ಷರ ಎಂಜಿನ್ ಕಡೆ ವಾಲಿತ್ತು, ಸರಿ. ಎಡಬದಿಯದು ಹಿಂದಕ್ಕೆ ವಾಲಿತ್ತು.

"ಆ ಕಡಿಂದ ನೋಡಿದ್ರ ಗಾಡಿ ರಿವರ್ಸ್ ಹೊಂಟಂಗ ಕಾಣತೈತ್ರಿ. ಮಂದಿ ನಗಾಕತ್ತಾರ."

ಆ ಬದಿಯದನ್ನು ಎಡಕ್ಕೆ ವಾಲಿಸಿಕೊಟ್ಟೆ. ಈಗ ಟ್ರ್ಯಾಕ್ಟರು ಎರಡೂ ಕಡೆಯಿಂದ ಮುಂದಕ್ಕೇ ಓಡುತ್ತದೆ. ಎಂಜಿನ್ ಕೆಟ್ಟು ಮನೆಯ ಮುಂದೆ ನಿಂತಿದೆ, ಅದು ಬೇರೆ ಮಾತು.

ಶ್ರದ್ಧಾಂಜಲಿ

ಲಕ್ಷ್ಮೇಶ್ವರದ ಅಣ್ಣತಮ್ಮಂದಿರು ತೀರಿಕೊಂಡ ತಂದೆಯ ಬ್ಯಾನರಿಗೆ ಬಂದರು. ಇದಕ್ಕೆ ನೆಟ್ಟನೆಯ ಸಣ್ಣ ಅಕ್ಷರ ಒಪ್ಪುತ್ತದೆ ಎಂದೆ. ಅಪ್ಪನ ಹೆಸರು ಬಸ್‌ಸ್ಟ್ಯಾಂಡಿನಿಂದಲೇ ಕಾಣಬೇಕು ಎಂದರು. ದಪ್ಪಗೆ, ಓರೆಯಾಗಿ, ಮೈ ಮುಂದೆ ಚಾಚಿ ಓಡುವಂತೆ ಹೆಸರು ನಿಂತಿತು. ಹೋದವರ ಗೆಳೆಯನೊಬ್ಬ, ಮುದುಕ, ಬಹಳ ಹೊತ್ತು ಅದನ್ನೇ ನೋಡಿದ.

"ಸಂತಿಗಿ ಕರದ್ರ ಹೊತ್ತು ಮುಳುಗಿಸಿ ಹೊರಗ ಬರ್ತಿದ್ದ. ಈಗೇನ್ ಇಷ್ಟು ಜಲ್ದಿ ಬಿತ್ತೋ ಇವಂಗ."

ಬೀಗರು

ಶಿರಹಟ್ಟಿ ಕಡೆಯ ಒಂದು ಸೊಸೈಟಿಯ ಅಧ್ಯಕ್ಷರಿಗೆ ಚುನಾವಣೆಯಲ್ಲಿ ಈ ಸಲ ಎದುರಾಳಿ ಅವರ ಸ್ವಂತ ಬೀಗರು. ಸೋತರೆ ಮಗಳ ಮನೆಯ ಊಟದ ಪಂಕ್ತಿಯಲ್ಲಿ ತಲೆಯೆತ್ತಿ ಕೂರುವಂತಿಲ್ಲ. ಅದಕ್ಕೇ ಅವರ ಹೆಸರು ಬೀಗರ ಹೆಸರಿಗಿಂತ ದಪ್ಪ ಇರಬೇಕು, ಹೆಚ್ಚು ಓಡಬೇಕು. ಬೀಗರ ಬ್ಯಾನರೂ ನನ್ನಲ್ಲೇ, ಬೇಡಿಕೆಯೂ ಅದೇ.

ಇವರು ದಪ್ಪ ಮಾಡಿಸಿದರೆ ಅವರು ಇನ್ನಷ್ಟು ದಪ್ಪ ಮಾಡಿಸಿದರು. ಅವರು ವಾಲಿಸಿದರೆ ಇವರು ಇನ್ನಷ್ಟು ವಾಲಿಸಿದರು. ಜಾಗ ಸಾಲದಾದಾಗ ಇಬ್ಬರೂ ಬ್ಯಾನರಿನಿಂದ ತಮ್ಮ ಫೋಟೋವನ್ನೇ ತೆಗೆಸಿಹಾಕಿದರು. ಇನ್ನು ದಪ್ಪ ಮಾಡಿದರೆ ಅಕ್ಷರದೊಳಗಿನ ಸಂದು ಮುಚ್ಚಿ ಓದಲಿಕ್ಕೇ ಬರುವುದಿಲ್ಲ ಎಂದು ಅಧ್ಯಕ್ಷರಿಗೆ ಹೇಳಿದೆ.

"ಓದೂದು ಯಾಕ್ರಿ? ಕಂಡ್ರ ಸಾಕು."

ಕಂಡಿತು. ಬ್ಯಾನರು ಕಟ್ಟಿದ ದಿನ ಅಧ್ಯಕ್ಷರೇ ನನ್ನನ್ನು ಕರೆದೊಯ್ದು ತೋರಿಸಿದರು. ಪಕ್ಕದಲ್ಲೇ ಬೀಗರದು. ಎರಡರಲ್ಲೂ ಹೆಸರು ಕೆರೆಯಲ್ಲಿ ಮಲಗಿದ ಎಮ್ಮೆಗಳ ಸಾಲಿನಂತಿತ್ತು. ಮೂಲೆಯಲ್ಲಿ ಮಾತ್ರ ಫ್ಲೆಕ್ಸ್ ಮಾಡಿದವನ ಹೆಸರು, ಎಂದಿನಂತೆ ಸಣ್ಣಗೆ, ನೆಟ್ಟಗೆ.

ಯಳವತ್ತಿಯಿಂದ ಬಂದ ಸದಸ್ಯನೊಬ್ಬ ಎರಡನ್ನೂ ತಲೆ ವಾಲಿಸಿ ನೋಡಿದ. ಕೊನೆಗೆ ಮೂಲೆಗೆ ಬಗ್ಗಿ ನನ್ನ ಹೆಸರನ್ನು ಗಟ್ಟಿಯಾಗಿ ಓದಿದ.

"ಇಂವ ಯಾರೋ ಹೊಸಬ ನಿಂತಾನ ನೋಡ್ರಿ. ಎರಡೂ ಕಡೆ ಹಾಕ್ಯಾನ, ಮೆರವಣಿಗಿ ಇಲ್ಲ, ಏನಿಲ್ಲ. ನನ್ನ ಓಟು ಇವಂಗ."

ಇಷ್ಟಾದರೂ ಅಧ್ಯಕ್ಷರು ತಮ್ಮ ಅಕ್ಷರದ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು:

"ನೀವು ಅರ್ಜಿ ಯಾವಾಗ ಹಾಕಿದ್ರಿ?"